ಅವರೆಲ್ಲ ಗದ್ದ ಎತ್ತಿ ನಿಂತಿದ್ದರು

ಮೊದಲು ಅದು ಕಾಣಿಸಿದ್ದು ಗಂಗಕ್ಕನ ಫೋನಿನಲ್ಲಿ.

ಗಂಗಕ್ಕನಿಗೆ ಸಿದ್ಧೇಶ್ವರ ಗುಡಿಯ ಹತ್ತಿರ ಸೀರೆ ಅಂಗಡಿ ಇದೆ. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಹೇಳಿದರೆಂದು ಜಿಮ್ಮಿನ ನನ್ನ ಬ್ಯಾಚಿಗೆ ಸೇರಿದವರು. ನಾನು ವ್ಯಾಯಾಮ ತೋರಿಸುವುದನ್ನು, ಮನೆಯಲ್ಲಿ ಮಾಡಿಕೊಳ್ಳಲು ಅನುಕೂಲವಾಗಲಿ ಎಂದು, ಆಗಾಗ ವಿಡಿಯೊ ಮಾಡಿಕೊಳ್ಳುತ್ತಿದ್ದರು. ಆ ದಿನ ಸಂಜೆಯ ಬ್ಯಾಚ್ ಮುಗಿದ ಮೇಲೆ ಫೋನನ್ನು ನನ್ನ ಮುಂದೆ ಹಿಡಿದರು.

"ಮೇಡಂ, ಇದರಾಗ ನಿಮ್ಮ ಎಡಗಣ್ಣ ನೋಡ್ರಿ. ರಾತ್ರಿ ನಿದ್ದಿ ಮಾಡಿಲ್ಲೇನ್ರಿ?"

ವಿಡಿಯೊದಲ್ಲಿ ನಾನು ಕೈಗಳನ್ನು ಮುಂದೆ ಚಾಚಿ ಕೂತು ಏಳುತ್ತಿದ್ದೆ. ಬೆನ್ನು ನೆಟ್ಟಗಿತ್ತು. ಬಾಯಿ ಎಣಿಸುತ್ತಿತ್ತು. ಎಡಗಣ್ಣಿನ ರೆಪ್ಪೆ ಮಾತ್ರ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತ್ತು. ಮುಖದ ಬಲಭಾಗ ಕ್ಲಾಸು ನಡೆಸುತ್ತಿದೆ, ಎಡಭಾಗ ಮಲಗಿಬಿಟ್ಟಿದೆ, ಹಾಗೆ ಕಾಣುತ್ತಿತ್ತು. ದಿನವಿಡೀ ಕನ್ನಡಿಯ ಮುಂದೆ ನಿಲ್ಲುವವಳು ನಾನು. ನನಗದು ಕಂಡಿರಲೇ ಇಲ್ಲ.

"ನಿಮ್ಮ ಫೋನ್ ಸರಿ ಇಲ್ರಿ ಅಕ್ಕಾರ," ಅಂದೆ. ಮರುದಿನ ಬೆಳಿಗ್ಗೆ ಎದ್ದಾಗ ಕಣ್ಣು ಸರಿಯಾಗಿತ್ತು. ಮರೆತುಬಿಟ್ಟೆ.

ನಾನು ಸವಿತಾ. ಹುಟ್ಟಿದ್ದು ಬಬಲೇಶ್ವರದಲ್ಲಿ, ಮದುವೆಯಾಗಿ ಬಂದದ್ದು ವಿಜಯಪುರದ ಇಬ್ರಾಹಿಂಪುರಕ್ಕೆ. ಓದುವಾಗ ಸೈಕಲ್ ಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಮಗಳು ಪ್ರೀತಿ ಹುಟ್ಟಿದ ಮೇಲೆ ಸೈಕಲ್ ಬಿಟ್ಟು, ತರಬೇತಿ ಪಡೆದು, ಸ್ಟೇಷನ್ ರಸ್ತೆಯ ಒಂದು ಜಿಮ್‌ನಲ್ಲಿ ಹೆಂಗಸರ ಬ್ಯಾಚಿಗೆ ಟ್ರೇನರ್ ಆದೆ. ಕೆಳಗೆ ಬ್ಯಾಟರಿ ಅಂಗಡಿ, ಮೇಲೆ ನಾವು. ಮೆಟ್ಟಿಲಿನ ಪಕ್ಕದಲ್ಲಿ ನನ್ನದೇ ಫೋಟೊ ಇದ್ದ ಆಳೆತ್ತರದ ಬ್ಯಾನರ್: ಎರಡೂ ಕೈಯಲ್ಲಿ ಡಂಬೆಲ್, ಮುಖದ ತುಂಬ ನಗು.

ಹೊಸದಾಗಿ ಬಂದವರಿಗೆ ನಾನು ಹೆಚ್ಚು ವಿವರಿಸುತ್ತಿರಲಿಲ್ಲ. "ನನ್ನ ನೋಡ್ಕೋತ ಮಾಡ್ರಿ," ಅನ್ನುತ್ತಿದ್ದೆ. ಅವರು ಹಾಗೆಯೇ ಮಾಡುತ್ತಿದ್ದರು. ನಾನು ಚಹಾಕ್ಕೆ ಸಕ್ಕರೆ ಬಿಟ್ಟೆ, ಅವರೂ ಬಿಟ್ಟರು. ನಾನು ಡಬ್ಬಿಯಲ್ಲಿ ಮೊಳಕೆ ಹೆಸರುಕಾಳು ತಂದೆ, ಮುಂದಿನ ವಾರ ಎಲ್ಲರ ಚೀಲದಲ್ಲೂ ಒಂದೊಂದು ಡಬ್ಬಿ ಬಂತು. ನಾನು ಜಡೆಯನ್ನು ಎತ್ತಿ ಕಟ್ಟುವ ರೀತಿಯನ್ನೂ ಕಲಿತರು. ಟ್ರೇನರ್ ಆದವಳಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಇಲ್ಲ ಅಂದುಕೊಂಡಿದ್ದೆ.

ಬೇಸಿಗೆ ಏರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಜಿಮ್‌ನ ತಗಡಿನ ಛಾವಣಿ ಕಾದು, ಗಾಳಿಯೇ ತೂಕವಾದಂತೆ ಅನಿಸುತ್ತಿತ್ತು. ಸಂಜೆಯಾಗುತ್ತಿದ್ದಂತೆ ನನ್ನ ರೆಪ್ಪೆ ಇಳಿಯುವುದು ರೂಢಿಯಾಯಿತು. ಬಲಗಣ್ಣೂ ಅದರ ಜೊತೆ ಸೇರಿತು. ನಾನು ಯಾರಿಗೂ ಹೇಳಲಿಲ್ಲ. ಅಷ್ಟು ಗಟ್ಟಿ ಮೈಯವಳಿಗೆ ರೆಪ್ಪೆ ಭಾರವಾಗುತ್ತದೆ ಎಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು.

ಒಂದು ಸಂಜೆ ಎಲ್ಲರನ್ನೂ ಎರಡೂ ಕೈ ಮೇಲೆತ್ತಿಸಿ ನಿಲ್ಲಿಸಿದ್ದೆ. ನಾನು ಯಾವಾಗಲೂ ಕನ್ನಡಿಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ನನ್ನ ಹಿಂದೆ ಅವರು ಸಾಲಾಗಿ. ಆ ದಿನ ಕನ್ನಡಿಯಲ್ಲಿ ಅವರನ್ನು ನೋಡಿ ಮೈ ಜುಮ್ಮೆಂದಿತು. ಅವರೆಲ್ಲ ಗದ್ದ ಎತ್ತಿ ನಿಂತಿದ್ದರು. ತಲೆ ಹಿಂದಕ್ಕೆ ವಾಲಿತ್ತು, ಕಣ್ಣು ಅರೆ ಮುಚ್ಚಿತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಎಲ್ಲರೂ ಒಂದೇ ಓರೆಯಲ್ಲಿ, ಮೂಗಿನ ಮೇಲಿಂದ ನನ್ನನ್ನೇ ದಿಟ್ಟಿಸುತ್ತಿದ್ದರು.

"ಯಾಕ ಹಿಂಗ ಕುತ್ತಿಗಿ ಎತ್ತೀರಿ?" ಅಂದೆ.

ಗಂಗಕ್ಕ ಗದ್ದ ಇಳಿಸದೆಯೇ ಉತ್ತರ ಕೊಟ್ಟರು. "ನೀವು ಎತ್ತೀರಲ್ರಿ ಮೇಡಂ. ಭಾಳ ದಿನದಿಂದ ಎತ್ತಾಕತ್ತೀರಿ. ಹಂಗ ಮಾಡಬೇಕೇನೋ ಅಂತ ನಾವೂ ಮಾಡಾಕತ್ತೇವಿ."

ಆಗ ನನ್ನನ್ನು ನೋಡಿಕೊಂಡೆ. ಹೌದು. ಇಳಿದ ರೆಪ್ಪೆಗಳ ಕೆಳಗಿನ ಸಂದಿಯಿಂದ ಲೋಕ ಕಾಣಲೆಂದು ನನ್ನ ತಲೆ ತಾನೇ ಹಿಂದಕ್ಕೆ ವಾಲಿಕೊಂಡಿತ್ತು. ಗದ್ದ ಇಳಿಸಿದೆ. ಅವರೂ ಇಳಿಸಿದರು. ರೆಪ್ಪೆ ಪರದೆಯಂತೆ ಅಡ್ಡ ಬಂದು ಅವರ ಮುಖಗಳೆಲ್ಲ ಮಾಯವಾದವು. ನೆಲದ ಮೇಲೆ ಸಾಲಾಗಿ ನಿಂತ ಕಾಲುಗಳಷ್ಟೇ ಉಳಿದವು.

ಆ ಮೇಲೆ ಎಲ್ಲವೂ ಎರಡೆರಡಾಗತೊಡಗಿತು. ಇಬ್ಬರು ಗಂಗಕ್ಕ, ಒಬ್ಬರು ತುಸು ಮೇಲೆ, ವಾರೆಯಾಗಿ. ಒಮ್ಮೆ ಅವರ ಮೊಣಕಾಲು ಒಳಗೆ ಬಾಗುತ್ತಿದೆ ಎಂದು ಸರಿಪಡಿಸಲು ಕೈ ಚಾಚಿದೆ. ಕಾಲು ಇದ್ದ ಜಾಗದಲ್ಲಿ ಕಾಲು ಇರಲಿಲ್ಲ. ಕೈ ಗಾಳಿಯಲ್ಲಿ ಹಾದುಹೋಯಿತು. ಗಂಗಕ್ಕ ನನ್ನ ಕೈಯನ್ನೇ ನೋಡಿದರು. ನಾನು ನೆಲದ ಮೇಲಿನ ಏನನ್ನೋ ಎತ್ತಿಕೊಂಡಂತೆ ಮಾಡಿದೆ.

ರವಿವಾರ ಬೆಳಿಗ್ಗೆ ತಿಕೋಟಾದ ಸಮುದಾಯ ಭವನದಲ್ಲಿ ಅಲ್ಲಿಯ ಹೆಂಗಸರಿಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದೆ. ಹೆಚ್ಚಿನವರು ದ್ರಾಕ್ಷಿ ತೋಟಗಳಲ್ಲಿ ಬಗ್ಗಿ ದುಡಿದು ಸೊಂಟ ನೋಯಿಸಿಕೊಂಡವರು. ಸ್ಕೂಟಿಯಲ್ಲಿ ಹೋಗಿ ಬರುತ್ತಿದ್ದೆ. ಒಂದು ರವಿವಾರ ಕ್ಲಾಸು ಮುಗಿಸಿ ಬಿಸಿಲೇರಿದ ಮೇಲೆ ಹೊರಟೆ. ಊರು ದಾಟಿದ ಸ್ವಲ್ಪ ಹೊತ್ತಿಗೆ ರಸ್ತೆ ಎರಡಾಯಿತು. ಎದುರಿಗೆ ಎರಡು ಲಾರಿಗಳು ಬರುತ್ತಿದ್ದವು. ಒಂದು ನನ್ನ ಬಲಕ್ಕೆ, ಇನ್ನೊಂದು ನೇರ ನನ್ನ ಮೇಲೆ. ಎಡಗಣ್ಣು ಮುಚ್ಚಿದೆ, ಒಂದು ಲಾರಿ ಅಳಿಸಿಹೋಯಿತು. ತೆರೆದೆ, ಮತ್ತೆ ಬಂತು. ಯಾವುದು ನಿಜದ್ದೆಂದು ನಿರ್ಧರಿಸಲಾಗದೆ ಸ್ಕೂಟಿಯನ್ನು ರಸ್ತೆ ಬಿಟ್ಟು ಹೊಲದ ಕಡೆ ಇಳಿಸಿಬಿಟ್ಟೆ. ಎಡಗಣ್ಣು ಮುಚ್ಚಿದಾಗ ಅಳಿಸಿಹೋಗಿದ್ದ ಲಾರಿಯೇ ನನ್ನ ಪಕ್ಕದಲ್ಲಿ ಧೂಳೆಬ್ಬಿಸಿ ಹಾದುಹೋಯಿತು.

ಬೇವಿನ ಮರದ ಕೆಳಗೆ ಕೂತು ಗಂಡನಿಗೆ ಫೋನು ಮಾಡಿದೆ. ನನ್ನ ಗಂಡ ಮಲ್ಲಿಕಾರ್ಜುನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ರಿವೈಂಡಿಂಗ್ ಕೆಲಸ ಮಾಡುತ್ತಾರೆ. ಕೈಗೆ ಹತ್ತಿದ ಎಣ್ಣೆಯಲ್ಲೇ ಗೆಳೆಯನ ಗಾಡಿ ಹತ್ತಿ ಬಂದರು.

"ಎಷ್ಟ ದಿನ ಆತು ಹಿಂಗಾಗಿ?"

"ಬ್ಯಾಸಿಗಿ ಹಿಡಿದಾಗಿಂದ."

"ಮತ್ತ ನನಗ ಹೇಳಬೇಕಂತ ಅನಸಲಿಲ್ಲೇನು?"

"ಮುಂಜಾನೆ ಎದ್ದರ ಏನೂ ಇರೂದಿಲ್ರಿ. ಇಲ್ಲದ್ದು ಏನಂತ ಹೇಳ್ಲಿ?"

ಅದೇ ತೊಂದರೆಯಾಗಿತ್ತು. ಕಣ್ಣಿನ ಡಾಕ್ಟರ ಹತ್ತಿರ ಬೆಳಿಗ್ಗೆ ಹೋದೆವು. ಕಣ್ಣು ಚೆನ್ನಾಗಿದೆ, ಚಶ್ಮಾನೂ ಬೇಡ ಅಂದರು. ಇನ್ನೊಬ್ಬರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ನೋಡಿ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರು. ಡಾಕ್ಟರು ನೋಡುವ ಹೊತ್ತಿಗೆ ಅದು ಅಡಗಿ ಕೂರುತ್ತಿತ್ತು. ನಾವು ಮನೆಗೆ ಬಂದು ಚಪ್ಪಲಿ ಬಿಡುವಾಗ ಬಂದು ನಿಲ್ಲುತ್ತಿತ್ತು.

ಒಂದು ಸಂಜೆ ಎರಡನೆಯ ತರಗತಿ ಓದುವ ಪ್ರೀತಿ ತಾನು ಬರೆದ ಚಿತ್ರ ತೋರಿಸಲು ಬಂದಳು. ನವಿಲು ಬರೆದಿದ್ದಳು. ಚೆನ್ನಾಗಿದೆ ಎಂದು ನಕ್ಕೆ. ಅವಳು ಕಾಗದ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಹೋದಳು.

"ಮಮ್ಮಿ, ಯಾಕ ಸಿಟ್ಟ ಮಾಡ್ತಿ?"

"ಇಲ್ಲವಾ. ನಗಾಕತ್ತೇನಿ ನೋಡು."

"ಅದು ನಗೂದಲ್ಲ," ಅಂದಳು, ಮೆಲ್ಲಗೆ.

ಬಚ್ಚಲಿನ ಕನ್ನಡಿಯ ಮುಂದೆ ಹೋಗಿ ನಕ್ಕು ನೋಡಿದೆ. ತುಟಿಯ ಎರಡು ತುದಿಗಳು ಮೇಲೇಳಲಿಲ್ಲ. ನಡುವೆ ಮೇಲ್ದುಟಿ ಮಾತ್ರ ಸರಿದು ಹಲ್ಲು ಕಂಡಿತು. ಬೇಲಿಯ ಸಂದಿಯಲ್ಲಿ ಸಿಕ್ಕಿಕೊಂಡ ಪ್ರಾಣಿ ನೋಡುವಂತೆ ಆ ಮುಖ ನನ್ನನ್ನು ನೋಡಿತು. ಮತ್ತೊಮ್ಮೆ ಪ್ರಯತ್ನಿಸಿದೆ. ಒಳಗೆ ನಾನು ನಗುತ್ತಲೇ ಇದ್ದೆ. ಹೊರಗೆ ಅದು ತಲುಪುತ್ತಿರಲಿಲ್ಲ. ಮರುದಿನದಿಂದ ಜಿಮ್‌ನ ಮೆಟ್ಟಿಲು ಹತ್ತುವಾಗ ಬ್ಯಾನರ್ ಕಡೆ ನೋಡುವುದನ್ನು ಬಿಟ್ಟೆ. ಅಲ್ಲಿದ್ದವಳು ಬಿಸಿಲಲ್ಲಿ, ಧೂಳಲ್ಲಿ, ಇಡೀ ದಿನ ಒಂದೇ ಸಮನೆ ನಗುತ್ತಿದ್ದಳು. ನನ್ನ ಹತ್ತಿರ ಇಲ್ಲದ್ದೆಲ್ಲ ಅವಳ ಹತ್ತಿರ ಇತ್ತು.

ಸ್ವಲ್ಪ ದಿನ ತವರಲ್ಲಿ ಇದ್ದು ಬಾ ಎಂದು ಮಲ್ಲಿಕಾರ್ಜುನ ನನ್ನನ್ನು ಬಬಲೇಶ್ವರಕ್ಕೆ ಬಿಟ್ಟು ಬಂದರು. ಅವ್ವ ಬಿಸಿ ರೊಟ್ಟಿ, ಎಣಗಾಯಿ ಮಾಡಿದ್ದಳು. ಹಸಿದಿದ್ದೆ. ಅರ್ಧ ರೊಟ್ಟಿ ಮುಗಿಯುವ ಹೊತ್ತಿಗೆ ದವಡೆ ನಿಂತುಹೋಯಿತು. ನೋವಿಲ್ಲ, ಏನಿಲ್ಲ. ಬಾಯಿ ತೆರೆದಿತ್ತು, ಒಳಗೆ ತುತ್ತು ಇತ್ತು, ಅಗಿಯುವುದು ಮಾತ್ರ ಮರೆತುಹೋದಂತಿತ್ತು. ನೀರು ಕುಡಿದರೆ ಇಳಿದೀತೆಂದು ಲೋಟ ಎತ್ತಿದೆ. ನೀರು ಮೂಗಿನಿಂದ ಹೊರಗೆ ಬಂತು.

ಅವ್ವ ಕೂಗಾಡಲಿಲ್ಲ. ಹತ್ತಿರ ಬಂದು ಅಂಗೈಯನ್ನು ನನ್ನ ಗದ್ದದ ಕೆಳಗೆ ಇಟ್ಟು, ಮೆಲ್ಲಗೆ ಮೇಲೆ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಆ ಒಂದು ತುತ್ತನ್ನು ಅಗಿಸಿದಳು. ಬಳಿಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಬೀದ್ಯಾಗ ಅಷ್ಟ ದೊಡ್ಡ ಫೋಟೋ ಹಾಕ್ಯಾರ. ಹೋಗೋರು ಬರೋರು ಎಲ್ಲಾರ ಕಣ್ಣ ನಿನ್ನ ಮ್ಯಾಲ."

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನನ್ನ ಸುತ್ತ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಚಟಪಟ ಸುಟ್ಟು ಕರಿಯಾಯಿತು. ಘಾಟು ಬರಲಿಲ್ಲ. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ನಾನು ಅದನ್ನೆಲ್ಲ ನಂಬುವವಳಲ್ಲ. ಆದರೂ ಆ ಅಡುಗೆಮನೆಯಲ್ಲಿ, ಕೆಮ್ಮಿಗಾಗಿ ಇಬ್ಬರೂ ಕಾಯುತ್ತ ಕೂತಿದ್ದು, ಕೆಮ್ಮು ಬಾರದೆ ಅವ್ವ ನನ್ನ ಕಡೆ ತಿರುಗಿದ್ದು, ಇಂದಿಗೂ ನೆನಪಾದರೆ ಬೆನ್ನು ತಣ್ಣಗಾಗುತ್ತದೆ.

ಬೆಳಗಾದ ಮೇಲೆ ಅವ್ವ ಸೀರೆ ಬದಲಿಸಿ ಚೀಲ ಹಿಡಿದು ನಿಂತಿದ್ದಳು. "ನನ್ನ ಕೈಲಾದದ್ದು ನಾ ಮಾಡೇನಿ. ಇನ್ನ ದವಾಖಾನಿಗೆ ನಡಿ. ನಾನೂ ಬರ್ತೇನಿ."

ಈ ಸಲ ಸಂಜೆಯ ಹೊತ್ತಿಗೆ ಹೋಗೋಣ ಎಂದು ಹೇಳಿದ್ದು ಮಲ್ಲಿಕಾರ್ಜುನ. "ಮೋಟಾರ್ ಕಾದ ಮ್ಯಾಲ ಅದರ ದೋಷ ಗೊತ್ತಾಗತೈತಿ," ಅಂದರು. ವಿಜಯಪುರದಲ್ಲೇ ನರರೋಗದ ಡಾಕ್ಟರೊಬ್ಬರು ಇದ್ದರು, ಮಧ್ಯವಯಸ್ಸಿನ ಹೆಣ್ಣುಮಗಳು. ಅವರ ಆಸ್ಪತ್ರೆಯಲ್ಲಿ ಕಾಯುವ ಕೋಣೆ ತುಂಬಿತ್ತು. ಗೋಡೆಯ ಟಿವಿಗೆ ದನಿ ಇರಲಿಲ್ಲ. ಕೈ ನಡುಗುವ ಮುದುಕರೊಬ್ಬರು ತಮ್ಮ ಒಂದು ಕೈಯಿಂದ ಇನ್ನೊಂದನ್ನು ಹಿಡಿದು ಕೂತಿದ್ದರು. ಎದುರಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನನಗೆ ಅವಳು ಇಬ್ಬರಾಗಿ ಕಾಣುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ತಾಯಿ ಅವಳ ಮುಖವನ್ನು ಆಚೆ ತಿರುಗಿಸಿದರು. ಆ ಕೋಣೆಯಲ್ಲಿ ಯಾರೂ ಯಾರಿಗೂ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಎಲ್ಲರೂ ಒಳಗಿನ ಬಾಗಿಲನ್ನು ನೋಡುತ್ತಿದ್ದರು.

ಡಾಕ್ಟರು ನನ್ನ ಮುಖ ನೋಡಿ, "ಮ್ಯಾಲೆ ಫ್ಯಾನ್ ನೋಡ್ರಿ. ನಾ ಹೇಳೋ ತನಕ ಕಣ್ಣ ಕೆಳಗ ಇಳಸಬ್ಯಾಡ್ರಿ," ಅಂದರು.

ನೋಡಿದೆ. ರೆಪ್ಪೆಗಳು ಮೆಲ್ಲಗೆ, ಅಂಗಡಿಯ ಷಟರ್ ಎಳೆದಂತೆ ಇಳಿದವು. ಫ್ಯಾನು ಹೋಯಿತು, ಗೋಡೆ ಹೋಯಿತು, ಕೊನೆಗೆ ನನ್ನ ಮಡಿಲಷ್ಟೇ ಉಳಿಯಿತು.

"ಈಗ ಜೋರಾಗಿ ಎಣಸ್ರಿ."

ನನ್ನ ಕೆಲಸವೇ ಎಣಿಸುವುದು. ಒಂದರಿಂದ ಶುರುಮಾಡಿದೆ. ಮೊದಮೊದಲು ನನ್ನ ದನಿಯೇ ಇತ್ತು. ಆಮೇಲೆ ಅದು ಮೂಗಿಗೆ ಏರಿತು, ತೆಳ್ಳಗಾಯಿತು, ದೂರದ ಕೋಣೆಯಲ್ಲಿ ಯಾರೋ ಎಣಿಸುತ್ತಿರುವಂತಾಯಿತು. ಆಮೇಲೆ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಮೂಲೆಯಲ್ಲಿ ನಿಂತಿದ್ದ ಅವ್ವ, "ಇದು ನನ್ನ ಮಗಳ ದನಿ ಅಲ್ರಿ," ಅಂದಳು.

ಡಾಕ್ಟರು ಕೈಗವಸಿನಲ್ಲಿ ಐಸ್ ತುಂಬಿ ನನ್ನ ಎಡಗಣ್ಣಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ಹಿಡಿದರು. ಬಳಿಕ ಕೈಗನ್ನಡಿ ಕೊಟ್ಟರು. ಎಡಗಣ್ಣು ಪೂರ್ತಿ ತೆರೆದುಕೊಂಡಿತ್ತು. ಬಲಗಣ್ಣು ಮುಚ್ಚಿಯೇ ಇತ್ತು. ಎಷ್ಟೋ ಸಂಜೆಗಳ ನಂತರ ನನ್ನ ಕಣ್ಣು ನನ್ನನ್ನು ನೋಡಿತು, ಆದರೆ ಅದನ್ನು ತೆರೆದವಳು ನಾನಾಗಿರಲಿಲ್ಲ.

"ಥಂಡಿಗೆ ರೆಪ್ಪಿ ಎದ್ದತು ನೋಡ್ರಿ. ಇದಕ್ಕ ಮಯಸ್ತೇನಿಯಾ ಅಂತಾರ್ರಿ," ಅಂದರು. "ನಿಮ್ಮ ಮೈಯಾಗ ತಾಕತ್ತ ಐತಿ. ನೀವು ಹೇಳಿದ್ದು ನರದಿಂದ ಸ್ನಾಯುಕ್ಕ ಮುಟ್ಟಾಕತ್ತಿಲ್ಲ. ಟೆನ್ಷನ್ ಅಲ್ಲ, ಭ್ರಮಾನೂ ಅಲ್ಲ. ಔಷಧ ಐತಿ. ಪೂರಾ ಹೋಗತೈತಿ ಅಂತ ಹೇಳೂದಿಲ್ಲ, ಹಿಡಿತಕ್ಕ ಬರತೈತಿ."

ಹೆಸರು ಸಿಕ್ಕಿದ್ದಕ್ಕೇ ನನಗೆ ಅಳು ಬಂತು. "ಮತ್ತ ಕ್ಲಾಸ್ ತಗೋಬಹುದೇನ್ರಿ?"

"ಮೊದಲ ನುಂಗೂದು, ಉಸಿರಾಡೂದು ಭದ್ರ ಮಾಡ್ಕೊಳ್ಳೂಣು. ನೆಗಡಿ, ಜ್ವರ ಬಂದರ ಮನ್ಯಾಗ ಕುಂದರಬ್ಯಾಡ್ರಿ. ಸೀದಾ ಇಲ್ಲಿ ಬರ್ರಿ."

ಗುಳಿಗೆ ಶುರುವಾದ ಮೇಲೆ ಕೆಲವು ದಿನ ಚೆನ್ನಾಗಿದ್ದೆ. ರೊಟ್ಟಿ ತಿಂದೆ. ಪ್ರೀತಿಯ ಎದುರು ನಕ್ಕೆ. ಅವಳು ಪರೀಕ್ಷಿಸಿ, ಹೂಂ, ಇದು ನಗು ಅಂದಳು. ಆಮೇಲೆ ಮನೆಯಲ್ಲಿ ಎಲ್ಲರಿಗೂ ನೆಗಡಿ ಬಂತು, ನನಗೂ ಬಂತು. ಸಣ್ಣದು, ಸಂಜೆ ದವಾಖಾನೆಗೆ ಹೋದರಾಯಿತು ಅಂದುಕೊಂಡೆ.

ಆ ಮಧ್ಯಾಹ್ನ ಮಲಗಿದ್ದವಳು ಏಳಲು ಹೋದೆ, ತಲೆ ದಿಂಬಿನಿಂದ ಮೇಲೇಳಲಿಲ್ಲ. ಉಸಿರು ಎದೆಯ ಮೇಲ್ಭಾಗಕ್ಕೆ ಬಂದು ಅಲ್ಲೇ ತಿರುಗಿ ಹೋಗುತ್ತಿತ್ತು. ಕರೆದೆ. ದನಿ ಬರಲಿಲ್ಲ. ಮನೆಯ ಹಿಂದಿನ ಹಳಿಯ ಮೇಲೆ ರೈಲು ಹೋಗತೊಡಗಿತು. ಪಾತ್ರೆಗಳು, ಕಿಟಕಿಯ ಗಾಜು ಎಲ್ಲ ಅಲುಗಿದವು. ಆ ಮನೆಯಲ್ಲಿ ಅಲುಗದೇ ಇದ್ದದ್ದು ನಾನೊಬ್ಬಳೇ. ಬಾಗಿಲಲ್ಲಿ ಪ್ರೀತಿ ನಿಂತಿದ್ದು ರೆಪ್ಪೆಯ ಸಂದಿಯಿಂದ ಕಾಣುತ್ತಿತ್ತು. ನಾನು ಮಲಗಿದ್ದೇನೆ ಎಂದು ಅವಳು ಹೋಗಿಬಿಡಬಹುದಿತ್ತು. ಅವಳು ನನ್ನ ತುಟಿ ನೋಡಿದಳು. ಹತ್ತಿರ ಬಂದು ಕಿವಿಯನ್ನು ನನ್ನ ಬಾಯಿಗೆ ಹಚ್ಚಿದಳು.

"ಅಪ್ಪಗ... ಫೋನ್..."

ಅವಳು ಫೋನು ಮಾಡಿದಳು. ಅಪ್ಪನಿಗೆ ಹೇಳಿದ್ದು ಕೇಳಿಸಿತು. "ಮಮ್ಮಿ ಒಳಗ ಅದಾಳ, ಹೊರಗ ಬರಾಕ ಆಗವಲ್ದು."

ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದರು. ಎದೆಯನ್ನು ಯಂತ್ರ ಏರಿಸುತ್ತಿತ್ತು, ಇಳಿಸುತ್ತಿತ್ತು. ಉಸಿರು ತಗೊಳ್ರಿ, ಬಿಡ್ರಿ ಎಂದು ವರ್ಷಗಟ್ಟಲೆ ಊರಿನ ಹೆಂಗಸರಿಗೆ ಹೇಳಿದವಳ ಉಸಿರಿನ ಎಣಿಕೆ ಈಗ ಬೇರೆ ಯಾರದೋ ಕೈಯಲ್ಲಿತ್ತು. ನಾನು ತಗೊಳ್ಳಬೇಕು ಅನ್ನುವಾಗ ಅದು ಬಿಡಿಸುತ್ತಿತ್ತು. ಅದರ ಜೊತೆ ಜಗಳವಾಡಿದಷ್ಟೂ ಮುಳುಗುತ್ತಿದ್ದೆ. ಕೊನೆಗೆ ಅದು ಹೇಳಿದಂತೆ ಕೇಳಿದೆ.

ಕಣ್ಣು ತೆರೆಯಲಾಗುತ್ತಿರಲಿಲ್ಲ. ಕೈ ಎತ್ತಲಾಗುತ್ತಿರಲಿಲ್ಲ. ಆದರೆ ನಾನು ಎಚ್ಚರವಾಗಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಹಾಸಿಗೆಯ ಆಚೆ ಈಚೆ ನಿಂತು ಆಸ್ಪತ್ರೆಯವರಿಬ್ಬರು ಊಟದ ಮಾತಾಡುತ್ತಿದ್ದರು. ಹಾಗೆಯೇ ನನ್ನ ಮಾತಿಗೆ ಬಂದರು.

"ಜಿಮ್ ಟ್ರೇನರ್ ಅಂತ."

"ಹೌದ? ಮೈ ನೋಡಿದರ ಏನೂ ಆಗಿಲ್ಲ ಅನಸತೈತಿ."

"ಅಂಥಾವರಿಗೇ ಹಿಂಗಾದರ ನಮ್ಮ ಗತಿ ಏನು?"

ನನ್ನ ಮೇಲಿಂದ ಅವರ ಮಾತು ಹಾದುಹೋಗುತ್ತಿತ್ತು. ಸತ್ತವರ ಸುತ್ತ ಕೂತು ಮಾತಾಡುವಾಗ ಸತ್ತವರಿಗೂ ಹೀಗೇ ಕೇಳಿಸುತ್ತದೆಯೇನೋ ಅನಿಸಿತು. ಆ ಯೋಚನೆ ಬಂದ ಮೇಲೆ, ನಾನು ಎಚ್ಚರವಾಗಿಯೇ ಇದ್ದೇನೋ ಅಥವಾ ಇದು ಆಮೇಲಿನ ಸ್ಥಿತಿಯೋ ಎಂಬ ಗೊಂದಲ ಶುರುವಾಯಿತು. ಬಹಳ ಹೊತ್ತು ಅದೇ ಗೊಂದಲದಲ್ಲಿ ಇದ್ದೆ. ಯಂತ್ರ ಉಸಿರಾಡುತ್ತಲೇ ಇತ್ತು. ಸತ್ತವರೂ ಆ ಯಂತ್ರದಲ್ಲಿ ಉಸಿರಾಡಬಹುದಲ್ಲ.

ಆಗ ಒಬ್ಬ ನರ್ಸಿನ ದನಿ ಕಿವಿಯ ಹತ್ತಿರವೇ ಕೇಳಿಸಿತು. "ಸವಿತಕ್ಕಾ, ನಾ ಹೇಳೂದು ಕೇಳಸಾಕತ್ತಿದ್ರ ಒಂದ ಬೆರಳ ಅಲಗಸ್ರಿ. ಎಷ್ಟ ಆಗತೈತಿ ಅಷ್ಟ."

ಇಡೀ ಜೀವವನ್ನು ಬಲಗೈ ತೋರುಬೆರಳಿಗೆ ತಂದೆ. ನಾನು ಎತ್ತಿದ ಯಾವ ತೂಕವೂ ಅಷ್ಟು ಭಾರವಿರಲಿಲ್ಲ.

"ಅಲಗತು," ಅಂದಳು ಅವಳು, ಯಾರಿಗೋ. "ಎಚ್ಚರದಾರ. ಮುಂದ ನಿಂತು ಏನೇನರ ಮಾತಾಡಬ್ಯಾಡ್ರಿ."

ಅಂದಿನಿಂದ ಅವಳು ನನ್ನನ್ನು ಮುಟ್ಟುವ ಮೊದಲು ಹೇಳಿ ಮುಟ್ಟುತ್ತಿದ್ದಳು. ಈಗ ಸೂಜಿ ಚುಚ್ಚತೇನ್ರಿ. ಈಗ ಮಗ್ಗಲ ಬದಲಸತೇನ್ರಿ. ಹೊರಗ ಮುಂಜಾನಿ ಆಗೈತ್ರಿ, ಮೋಡ ಆಗ್ಯಾವ. ಒಂದು ದಿನ, "ನಿಮ್ಮವರು ಬಂದಾರ, ನೋಡ್ತೀರೇನ್ರಿ?" ಎಂದು ತನ್ನ ಎರಡು ಬೆರಳುಗಳಿಂದ ನನ್ನ ಎರಡೂ ರೆಪ್ಪೆಗಳನ್ನು ಮೆಲ್ಲಗೆ ಎತ್ತಿ ಹಿಡಿದಳು. ಗಾಜಿನ ಬಾಗಿಲ ಆಚೆ ಇಬ್ಬರು ಮಲ್ಲಿಕಾರ್ಜುನ ನಿಂತಿದ್ದರು. ಇಬ್ಬರೂ ಅಳುತ್ತಿದ್ದರು. ನನಗೆ ಒಳಗೊಳಗೇ ನಗು ಬಂತು.

ರಕ್ತನಾಳದ ಮೂಲಕ ಕೊಟ್ಟ ಔಷಧ ಕೆಲಸ ಮಾಡಿತು. ನಳಿಕೆ ತೆಗೆದರು. ನಾನೇ ಎಳೆದುಕೊಂಡ ಮೊದಲ ಉಸಿರು ಒರಟಾಗಿತ್ತು, ನನ್ನದಾಗಿತ್ತು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನಡೆಯಿತು. ಮುಖ ಚಂದ್ರನಂತೆ ಉಬ್ಬಿತು, ಹೊಟ್ಟೆ ಬಂತು, ತೋಳು ಸಡಿಲಾದವು. ಅವ್ವ ಇಬ್ರಾಹಿಂಪುರಕ್ಕೇ ಬಂದು ಇದ್ದಳು. ಮೊದಮೊದಲು ಗಂಜಿ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ನೆರೆಯವರು ಬಂದು, "ದಪ್ಪ ಆಗೀರಿ, ಆರಾಮ ಆದಂಗ ಕಾಣತೈತಿ," ಅನ್ನುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ.

ಚಳಿಗಾಲದಲ್ಲಿ ಡಾಕ್ಟರು ಸ್ವಲ್ಪಸ್ವಲ್ಪ ಕೆಲಸಕ್ಕೆ ಒಪ್ಪಿದರು. ಜಿಮ್‌ನ ಮಾಲೀಕರು ಸಭ್ಯರು, ಆದರೆ ಮುಚ್ಚುಮರೆ ಇಲ್ಲದವರು.

"ಸವಿತಾ ಅವರ, ಜನ ಟ್ರೇನರ್ ಮೈ ನೋಡಿ ಬರ್ತಾರ್ರಿ. ನೀವ ವಿಚಾರ ಮಾಡ್ರಿ."

"ಒಂದ ಬ್ಯಾಚ್ ಕೊಡ್ರಿ ಸರ್. ಮುಂಜಾನಿದು. ಯಾರೂ ಬರಲಿಲ್ಲಂದ್ರ ನಾನ ಬಿಡ್ತೇನಿ. ಮತ್ತ ಆ ಬ್ಯಾನರ್ ತೆಗಸ್ರಿ."

ಅವರು ಎರಡಕ್ಕೂ ಒಪ್ಪಿದರು. ಬ್ಯಾನರ್ ತೆಗೆದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿತ್ತು, ಆಳೆತ್ತರಕ್ಕೆ. ಅದನ್ನು ದಾಟಿ ಮೇಲೆ ಹೋಗುವಾಗ ಅಲ್ಲಿ ಯಾರೋ ಈಗಷ್ಟೇ ಎದ್ದು ಹೋದಂತಿತ್ತು.

ಬಹಳ ಹೊತ್ತು ನಿಲ್ಲಲಾಗುವುದಿಲ್ಲ ಎಂದು ಒಂದು ಕುರ್ಚಿ ಹಾಕಿಸಿಕೊಂಡೆ. ಕನ್ನಡಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಕನ್ನಡಿಗೆ ಬೆನ್ನು ಹಾಕಿ, ಅವರ ಕಡೆ ತಿರುಗಿ ಕೂತೆ. ಎಷ್ಟು ವರ್ಷ ಅವರಿಗೆ ಕಲಿಸಿದ್ದೆ. ಅವರನ್ನು ನೇರವಾಗಿ ನೋಡಿದ್ದು ಆ ದಿನ. ಕನ್ನಡಿಯಲ್ಲಿ ನೋಡುವಾಗ ಅವರ ಮುಂದೆ ಯಾವಾಗಲೂ ನಾನೇ ಇರುತ್ತಿದ್ದೆ.

"ನನ್ನ ನೋಡಬ್ಯಾಡ್ರಿ," ಅಂದೆ. "ನಾ ನಿಮ್ಮನ್ನ ನೋಡ್ತೇನಿ. ನನಗ ಸಾಕಾತಂದ್ರ ನಿಲ್ಲಸತೇನಿ, ಗುಳಿಗಿ ಹೊತ್ತಾತಂದ್ರ ಇಲ್ಲೇ ತಗೋತೇನಿ. ನಿಮಗೂ ಸಾಕಾತಂದ್ರ ಕುಂದರ್ರಿ."

ಯಾರೂ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ದನಿ ತೆಳುವಾಯಿತು. ಎಣಿಸುವುದನ್ನು ನಿಲ್ಲಿಸಿ, ನೀರು ಕುಡಿದು, ಕಣ್ಣು ಮುಚ್ಚಿ ಸುಮ್ಮನೆ ಕೂತೆ. ಕಣ್ಣು ತೆರೆದಾಗ ಗಂಗಕ್ಕ ನೆಲದ ಮೇಲೆ ಕೂತಿದ್ದರು.

"ನನಗ ಆವಾಗಾವಾಗ ತಲಿ ತಿರಗತಿತ್ತರಿ ಮೇಡಂ," ಅಂದರು. "ನೀವು ಎಂದೂ ಕುಂತದ್ದ ನೋಡಿಲ್ಲ. ಅದಕ್ಕ ನಾನೂ ಕುಂದ್ರತಿದ್ದಿಲ್ಲ."

ಆ ಬ್ಯಾಚಿನಲ್ಲಿ ಶೈಲಾ ಎಂಬವಳಿದ್ದಳು. ನಾನು ಆಸ್ಪತ್ರೆಯಲ್ಲಿದ್ದಾಗ ಸೇರಿದವಳು, ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ಬ್ಯಾನರಿನಲ್ಲಿ ಬಿಟ್ಟರೆ ನನ್ನ ಹಳೆಯ ಮೈಯನ್ನು ಅವಳು ನೋಡಿರಲಿಲ್ಲ. ಅವಳಿಗೆ ಟ್ರೇನರ್ ಎಂದರೆ ಈ ದುಂಡು ಮುಖದ, ಕುರ್ಚಿಯಲ್ಲಿ ಕೂರುವ ಹೆಂಗಸೇ. ಕೈ ಮೇಲೆತ್ತುವ ವ್ಯಾಯಾಮದಲ್ಲಿ ಅವಳ ಎಡಗೈ ಬಲಗೈಗಿಂತ ಒಂದಿಷ್ಟು ಕೆಳಗೇ ನಿಲ್ಲುವುದನ್ನು ಕಂಡೆ. ಮರುದಿನವೂ ಕಂಡೆ. ಎತ್ತುವಾಗ ಮುಖದಲ್ಲಿ ನೋವಿರಲಿಲ್ಲ. ಒಂದು ಎಚ್ಚರ ಇತ್ತು. ಮೈಯೊಳಗೆ ಮಲಗಿರುವ ಯಾರನ್ನೋ ಎಬ್ಬಿಸಬಾರದು ಎಂಬಂತೆ ಎತ್ತುತ್ತಿದ್ದಳು. ಆ ಎಚ್ಚರ ನನಗೆ ಗೊತ್ತಿತ್ತು.

ಎಲ್ಲರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡೆ. "ಎಡಗಡೆ ಏನಾಗೈತಿ ಶೈಲಾ?"

ಅವಳು ನನ್ನನ್ನು ನೋಡಲಿಲ್ಲ. ನನ್ನ ಹಿಂದಿನ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಹಾಗೆ ನೋಡಿಕೊಂಡೇ ಅಂದಳು: "ಎದಿಯಾಗ ಒಂದ ಗಂಟ ಐತ್ರಿ. ಸಣ್ಣದ. ನೋವಿಲ್ಲ. ದಿನಾ ಮುಂಜಾನೆ ಮುಟ್ಟಿ ನೋಡ್ತೇನಿ, ಇವತ್ತ ಇರಲಿಕ್ಕಿಲ್ಲ ಅಂತ."

"ಮನ್ಯಾಗ ಗೊತ್ತೈತೇನು?"

"ಇಲ್ರಿ. ಹೇಳಿದರ ಖರೆ ಆಗತೈತಿ ಅನಸತೈತ್ರಿ."

ಅವಳಿಗೆ ಉಪದೇಶ ಮಾಡುವಷ್ಟು ದನಿ ಆ ಹೊತ್ತಿನಲ್ಲಿ ನನ್ನಲ್ಲಿ ಉಳಿದಿರಲಿಲ್ಲ. "ನಾಳಿ ಹೋಗೂಣು. ನಾನೂ ಬರ್ತೇನಿ," ಅಂದೆ, ಅಷ್ಟೇ.

ಶೈಲಾಗೆ ಆಪರೇಷನ್ ಆಯಿತು, ಚಿಕಿತ್ಸೆ ನಡೆಯಿತು. ಈಗ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬೆಳಗಿನ ಬ್ಯಾಚಿಗೆ ಬರುತ್ತಾಳೆ, ಸಾಕಾದಾಗ ಕೂರುತ್ತಾಳೆ. ಉಳಿದದ್ದು ಅವಳ ಕಥೆ, ಅವಳೇ ಹೇಳಲಿ. ನನ್ನ ಕಾಯಿಲೆ ಹೋಗಿಲ್ಲ. ಸೆಖೆಯ ಸಂಜೆಗಳಲ್ಲಿ ಎಡರೆಪ್ಪೆ ಇನ್ನೂ ಇಳಿಯುತ್ತದೆ. ಬಾಗಿಲು ಬಡಿಯದೆ ಒಳಗೆ ಬರುವ ಸಲಿಗೆ ಅದಕ್ಕೆ ಬಂದುಬಿಟ್ಟಿದೆ. ನಾನೂ ಹೆದರುವುದನ್ನು ಪೂರ್ತಿ ಬಿಟ್ಟಿಲ್ಲ.

ಆದರೆ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ದಿನಾ ಬೆಳಿಗ್ಗೆ ಏನನ್ನಾದರೂ ಮುಟ್ಟಿ ನೋಡಿಕೊಂಡು ಸುಮ್ಮನಿದ್ದರೆ, ಅವರಿಗಾಗಿ ಶೈಲಾ ಜೊತೆ ಹೋದ ದಿನದ್ದೊಂದು ಮಾತು ಹೇಳಬೇಕು. ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಬಹಳ ಹೊತ್ತು ಕೂತಿದ್ದೆವು. ಶೈಲಾ ಎರಡು ಸಲ ಎದ್ದು ಹೊರಬಾಗಿಲ ತನಕ ಹೋಗಿ ಬಂದಳು. ನಾನು ತಡೆಯಲಿಲ್ಲ. ಮೂರನೆಯ ಸಲ ಎದ್ದಾಗ ಒಳಗಿನ ಬಾಗಿಲು ತೆರೆದು ನರ್ಸ್ ಅವಳ ಹೆಸರು ಕರೆದಳು.

"ಪೇಷಂಟ್ ಜೋಡಿ ಯಾರ ಅದಾರ್ರಿ?"

ಶೈಲಾ ಸುತ್ತ ನೋಡಿದಳು. ನನ್ನ ರೆಪ್ಪೆ ಆಗಲೇ ಇಳಿಯತೊಡಗಿತ್ತು, ಕಾಲು ಸೋಲುತ್ತಿತ್ತು. ಅವಳು ಕೈ ಚಾಚಿದಳು, ನಾನು ಆ ಕೈ ಹಿಡಿದು ಎದ್ದೆ.

"ನಾನು ಅದೀನ್ರಿ," ಅಂದೆ.